ಒಡಪು ಹೇಳೂ ಹೆದರಿಕಿ

ನನಗ ಹೆದರಿಕಿ ಆತಂದ್ರ ಮೊದಲ ಧ್ವನಿ ಹೋಗತೈತಿ. ಕೈಕಾಲು ನಡಗೂದು, ಬೆವರು ಬರೂದು ಎಲ್ಲಾ ಆಮ್ಯಾಲ. ಸಣ್ಣಾಕಿ ಇದ್ದಾಗಿಂದ ಹಿಂಗ ಒಂದಿಲ್ಲೊಂದು ಆಗಕೋತ ಬಂದೈತಿ. ಈಗ ಮೊಮ್ಮಕ್ಕಳು ನಗತಾವು, "ಇಷ್ಟ ಮಾತಾಡೂ ಅಮ್ಮನ್ನ ಮಂದಿ ಮೂಕಿ ಅಂದಿದ್ರಂತ!" ನಗಲಿ ಬಿಡ್ರಿ. ಇಂಗ್ರೇಜರ ಕಾಲದಾಗ, ನನ್ನ ಲಗ್ನದ ತಯಾರಿ ನಡದಾಗ ಮನ್ಯಾಗ ಯಾರಿಗೂ ನಗು ಬರತಿರಲಿಲ್ಲ. ನನಗಂತೂ ಜೀವ ಬಾಯಿಗೆ ಬಂದಿತ್ತು.

ಹಾಡಿದವರು ಅಪ್ಪ

ಮೊದಲ ನನ್ನ ನೋಡಾಕ ಬಂದವರು ಗದಗದ ಕಡೆ ಮಂದಿ. "ಹೆಸರೇನವಾ?" ಅಂದ್ರು. ನನ್ನ ಹೆಸರು ನನಗ ಗೊತ್ತಿತ್ತು, ಬಾಯಿಗೆ ಬರಲಿಲ್ಲ. ಎರಡು ಸಲ ಕೇಳಿದ್ರು, ಮೂರು ಸಲ ಕೇಳಿದ್ರು. ಅವಲಕ್ಕಿ ತಿಂದು, ಚಾ ಕುಡದು, ಹೊರಗ ಹೋಗಿ "ಹುಡಿಗಿ ಮೂಕಿ ಅದಾಳ" ಅಂತ ಸುದ್ದಿ ಹಬ್ಬಿಸಿದ್ರು.

ಆಮ್ಯಾಲ ಬಂದವರು ಹುಬ್ಬಳ್ಳಿಯವರು, ಹತ್ತಿ ವ್ಯಾಪಾರದ ಮಂದಿ. ಈ ಸಲ ನನಗಿಂತ ನಮ್ಮಪ್ಪಗ ಹೆಚ್ಚು ಹೆದರಿಕಿ. ಅಪ್ಪ ಧಾರವಾಡದಾಗ ಸಾಲಿ ಮಾಸ್ತರಿಕಿ ಮಾಡತಿದ್ರು. ಹುಡುಗರಿಗೆ ಪ್ರಶ್ನಾ ಕೇಳಿ, ಅವು ಬಾಯಿ ತೆರಿಯೂದರಾಗ ಉತ್ತರಾನೂ ತಾವ ಹೇಳಿಬಿಡೂ ಚಟ ಅವರಿಗೆ. ಅವತ್ತೂ ಹಂಗ ಮಾಡಿದ್ರು. "ಹೆಸರೇನು?" ಅಪ್ಪ ಹೇಳಿದ್ರು. "ಅಡಗಿ ಏನೇನು ಬರತೈತಿ?" ಅಪ್ಪನ ಹೇಳಿದ್ರು, ಹೋಳಿಗಿ, ಕಡಬು, ಎಣಗಾಯಿ ಪಲ್ಯಾ ಅಂತ. "ಒಂದು ಹಾಡು ಅನ್ನವಾ, ಕೇಳೋಣು" ಅಂದ್ರು ಹುಡುಗನ ದೊಡ್ಡಪ್ಪ. ನಾ ತಲಿ ಇನ್ನಷ್ಟು ಬಗ್ಗಿಸಿದೆ. ಅಪ್ಪಗ ತಡಕೊಳ್ಳಾಕ ಆಗಲಿಲ್ಲ. ಕಣ್ಣು ಮುಚ್ಚಿ, ತೊಡಿ ಮ್ಯಾಲ ತಾಳಾ ಹಾಕಿಕೋತ ತಾವ ಒಂದು ವಚನಾ ಹಾಡಿಬಿಟ್ರು.

ಮುಗಿಯೂ ತನಕ ಕೇಳಿ, ದೊಡ್ಡಪ್ಪ ಮೀಸಿ ತಿರುವಿ ಅಂದ್ರು: "ಧ್ವನಿ ಭಾಳ ಛಲೋ ಐತ್ರಿ ಮಾಸ್ತರ. ಆದ್ರ ನಾವು ಸೊಸಿ ಮಾಡಕೊಳ್ಳಾಕ ಬಂದದ್ದು ನಿಮ್ಮನ್ನಲ್ಲ."

ಅರಿಷಿಣದ ಮ್ಯಾಲ ಸ್ನೋ

ಆದ್ರೂ ಒಪ್ಪಿದ್ರು. ತಲಿ ಎತ್ತದ ಕೂತ ಹುಡಿಗಿ ಹುಡುಗನ ತಾಯಿಗೆ ಮನಸಿಗೆ ಬಂದಿದ್ಲಂತ. ಎಲ್ಲಾರೂ ಸಕ್ಕರಿ ಹಂಚಿದ್ರು. ನನ್ನ ಖರೇ ಹೆದರಿಕಿ ಮಾತ್ರ ಅವತ್ತಿಂದ ಶುರು ಆತು.

ನಮ್ಮ ಕಡೆ ಹೆಣಮಕ್ಕಳು ಗಂಡನ ಹೆಸರು ಸುಮ್ಮಸುಮ್ಮನ ಹೇಳೂದಿಲ್ಲ. ಹೊಸಾ ಸೊಸಿ ಮನಿ ತುಂಬೂ ಹೊತ್ತಿನ್ಯಾಗ ಮಾತ್ರ ಹೆಂಗಸರು ಬಾಗಲಾ ತಡದು ನಿಂದರತಾರ. ಪ್ರಾಸ ಕೂಡಿಸಿದ ಒಡಪಿನ್ಯಾಗ ಗಂಡನ ಹೆಸರು ಹಾಕಿ ಹೇಳಿದ್ರನ ಒಳಗ. ಅಪ್ಪ ನನ್ನ ಹತ್ರ ಕರದು ಮೆತ್ತಗ ಹೇಳಿದ್ರು: "ಮೂಕಿ ಅನ್ನೂ ಮಾತು ಅವರ ಕಿವಿಗೂ ಬಿದ್ದಿರಬೇಕವಾ. ಮೋಸ ಮಾಡ್ಯಾರ ಅಂತ ಹೊಸ್ತಿಲದಿಂದ ನಿನ್ನ ಹೊಳ್ಳಿ ಕಳಿಸಿದ್ರ, ನಿನ್ನ ಹಿಂದಿನ ಹುಡಿಗ್ಯಾರನ್ನ ಯಾರು ಕೇಳತಾರ? ಅದೊಂದು ಒಡಪು ಹೇಳಿಬಿಡು, ಸಾಕು." ನನ್ನ ಇಬ್ಬರು ತಂಗ್ಯಾರು ಬಾಗಲಾ ಸಂದ್ಯಾಗ ನಿಂತು ನನ್ನ ಬಾಯಿ ನೋಡತಿದ್ರು. ಅವತ್ತಿಂದ ನನಗ ರೊಟ್ಟಿ ಸೇರಲಿಲ್ಲ.

ಇತ್ಲಾಗ ನನ್ನ ಛಂದ ಮಾಡೂ ಕೆಲಸಾ. ಆಯಿ, ಅಂದ್ರ ನಮ್ಮಪ್ಪನ ಅವ್ವ, ಕಡ್ಲಿಹಿಟ್ಟು, ಕೆನಿ, ಅರಿಷಿಣಾ ಕಲಿಸಿ ತಿಕ್ಕಾಕಿ. ಪುಣೆದಿಂದ ಬಂದಿದ್ದ ನಮ್ಮ ಚಿಗವ್ವಗ ಅದೆಲ್ಲಾ ಹಳೇದು. ಆಕಿ ಡಬ್ಬಿಯಾಗಿನ ಬಿಳೇ ಸ್ನೋ, ಪೌಡರ ಮಾರಿಗೆ ಬಡಿಯಾಕಿ. ಇಬ್ಬರೂ ಜಗಳಾಡಿ ಕಡೀಕ ಒಬ್ಬೊಬ್ಬರು ಒಂದೊಂದು ಗಲ್ಲಾ ಹಿಡಕೊಂಡು ಕೂತ್ರು. ಅದ ಹೊತ್ತಿಗೆ, ಹೇಳದ ಕೇಳದ, ಹುಡುಗನ ದೊಡ್ಡವ್ವ ನಾದಿನಿ ಕೂಡ ಬಂದ ಬಿಟ್ಲು. ಹೆಣ್ಣು ಖರೇನ ಮೂಕಿಯೋ ಏನೋ ನೋಡಾಕ ಬಂದಿದ್ಲು. ಅದು ಎಲ್ಲಾರಿಗೂ ತಿಳೀತು.

"ಆರಾಮ ಅದಿಯೇನವಾ?" ಅಂತ ನನ್ನ ಕೇಳಿದ್ಲು. ಆಗಿಹೋತು. ನನ್ನ ಧ್ವನಿ ಹೋತು.

ಆಯಿ ತಡಾ ಮಾಡಲಿಲ್ಲ. "ಆಕಿ ಮಾತಾಡೂದಿಲ್ರಿ. ಲಗ್ನಾ ಆಗಿ ನಿಮ್ಮ ಮನಿ ಮುಟ್ಟೂ ತನಕ ಮೌನ ವ್ರತಾ ಹಿಡದಾಳ" ಅಂದ್ಲು. ನನಗ ಆ ಸುದ್ದಿ ಆಗ ಗೊತ್ತಾತು.

ದೊಡ್ಡವ್ವನ ಮಾರಿ ಅರಳಿತು. "ಎಂಥಾ ಭಕ್ತಿವಂತಿ! ಹಂಗಾದ್ರ ಮೊದಲನೇ ಮಾತು ನಮ್ಮ ಹೊಸ್ತಿಲದಾಗ ಕೇಳತೇವಿ. ಓಣಿ ಹೆಂಗಸರನ್ನ ಎಲ್ಲಾರನ್ನೂ ಕರೀತೇನಿ" ಅಂದ್ಲು.

ಮೆಟ್ಟಲಾ ಇಳಿಯೂ ಮುಂದ ಆಕಿ ನಾದಿನಿಗೆ ಅನ್ನೂದು ಕೇಳಿಸಿತು: "ಮೂಕಿ ಅಂತ ಕೇಳಿದ್ದೆ, ಇರಲಿ. ಒಂದ ಗಲ್ಲಾ ಹಳದಿ, ಒಂದ ಗಲ್ಲಾ ಬಿಳಿ ಐತಿ ಅಂತ ಮಾತ್ರ ಯಾರೂ ಹೇಳಿರಲಿಲ್ಲ ನೋಡು."

ಬಳಿ ಇಟ್ಟದ್ದು ಯಾರಿಗೆ?

ಸುಳ್ಳು ಹೇಳಿ ಆಯಿ ಪಾರಾದ್ಲು, ವ್ರತಾ ನನ್ನ ಕೊರಳಿಗೆ ಬಿತ್ತು. ಹುಬ್ಬಳ್ಳಿಯವರ ಬೀಗರು ನಮ್ಮ ಓಣ್ಯಾಗನ ಇದ್ರು. ನನ್ನ ಒಂದು ಮಾತು ಹೊರಗ ಕೇಳಿಸಿದ್ರ ಆಯಿ ಸುಳ್ಳಿ ಆಗತಿದ್ಲು. ಮನಿ ಮಂದಿಗೆಲ್ಲಾ ಹಬ್ಬಾ. ತಂಗ್ಯಾರು ನನ್ನ ಮುಂದನ ನನ್ನ ಉಂಡಿ ತಿಂದ್ರು, ನನ್ನ ಮಲ್ಲಿಗಿ ಮುಡಕೊಂಡ್ರು. ನಾ ಹಲ್ಲು ಕಡಕೋತ ಸುಮ್ಮನಿದ್ದೆ.

ಲಗ್ನಕ್ಕ ಬಳಿ ಇಡಸೂ ದಿನಾ ಬಳಿಗಾರ ಬಂದ. ಹಸರ ಬಳಿ, ಕೈಗೆ ಬಿಗಿ ಇರಬೇಕು ಅನ್ನೂದು ಆಯಿ ಹಟಾ. ಅಂವ ನನ್ನ ಹಸ್ತಾ ಹಿಚುಕಿ ಏರಸಾಕ ಹತ್ತಿದ. ಎಲವು ಮುರದಂಗ ಆತು. ಕಣ್ಣಾಗ ನೀರು ಇಳದ್ವು, ಬಾಯಿ ಬಿಚ್ಚೂ ಹಂಗಿಲ್ಲ. ಬಾಜೂಕ ಕೂತ ಆಯಿಗೆ ನನ್ನ ಸಂಕಟಾ ನೋಡಾಕ ಆಗಲಿಲ್ಲ. ಒಂದೊಂದು ಬಳಿ ಏರಿದಂಗ ಆಕಿನ ಚೀರಾಕಿ, "ಅಯ್ಯಯ್ಯೋ! ಯಪ್ಪಾ ಶಿವನ! ಸತ್ತೆ!"

ಬಳಿಗಾರ ಕೈ ಬಿಟ್ಟು, ಒಮ್ಮೆ ನನ್ನ ನೋಡಿದ, ಒಮ್ಮೆ ಆಯಿನ್ನ ನೋಡಿದ. "ಯವ್ವಾ, ಖರೇ ಹೇಳ್ರಿ. ಮದಿಮಗಳು ಯಾರು?"

ಕಾಶಿಯಾತ್ರಾ

ಲಗ್ನಾ ಆತು. ಅಕ್ಕಿಕಾಳಿನ ಮಳ್ಯಾಗ ಗಂಡನ ಮಾರಿ ಕಾಣಲಿಲ್ಲ, ಕಣ್ಣು ತೆರದು ನೋಡೂ ಧೈರ್ಯಾನೂ ನನಗ ಇರಲಿಲ್ಲ. ಧಾರವಾಡದಿಂದ ಹುಬ್ಬಳ್ಳಿಗೆ ಹೋಗಾಕ ರೈಲು ಹತ್ತಿದ್ವಿ. ಹತ್ತಿ ಕೂತು ಎಲಿ ಅಡಕಿ ಹಾಕೂದರಾಗ ಬರೂ ಊರು. ಆಯಿ ಮಾತ್ರ ಕಾಶಿಗೆ ಹೊಂಟಂಗ ರೊಟ್ಟಿ, ಚಟ್ನಿ, ಬುತ್ತಿ ಕಟ್ಟಿದ್ಲು. ನನ್ನ ಜೋಡಿ ಬಂದಾಕಿ ಆಕಿನ. ಹೆಂಗಸರ ಡಬ್ಬಿಯಾಗ ಎರಡೂ ಕೈಲೆ ಹಲಗಿ ಹಿಡಕೊಂಡು "ಹೆದರಬ್ಯಾಡ, ಹೆದರಬ್ಯಾಡ" ಅಂತಿದ್ಲು. ನನಗೋ ಇಂಜಿನ್ನಿಗೋ ಗೊತ್ತಾಗಲಿಲ್ಲ.

ನಾ ಕಣ್ಣು ಮುಚ್ಚಿ, ತುಟಿ ಅಲಗಿಸಿ ಒಡಪು ಪಾಠಾ ಮಾಡತಿದ್ದೆ. "ಬೆಳ್ಳಿ ಬಟ್ಟಲದಾಗ ಕಾಸಿದ ಹಾಲು, ಬಸಪ್ಪನವರ ಹೆಸರು ಹೇಳತೇನಿ, ಬಿಡ್ರಿ ಬಾಗಲು." ಮೈಯೆಲ್ಲಾ ಅರಿಷಿಣಾ, ಹಣಿ ತುಂಬ ವಿಭೂತಿ, ಮ್ಯಾಲ ಗಡಗಡ ನಡಗೂದು. ಎದರಿಗೆ ಕೂತ ಹೆಣಮಗಳು ಕೈ ಮುಗದು ಆಯಿನ್ನ ಕೇಳಿದ್ಲು, "ಮೈಯಾಗ ದೇವರು ಬರತಾವೇನ್ರಿ ಇವರಿಗೆ?"

"ಬರೂದೇನಿಲ್ಲವಾ, ಜೀವ ಹೊಂಟೈತಿ. ಹುಬ್ಬಳ್ಳಿ ಬರಾಕತ್ತೈತಲ್ಲ" ಅಂದ್ಲು ಆಯಿ.

ಹೊಸ್ತಿಲದಾಗ

ಟಾಂಗಾ ಇಳದು ನೋಡತೇನಿ, ಬಾಗಲದಾಗ ಮಂದಿ ಗಿಜಿಗಿಜಿ. ದೊಡ್ಡವ್ವ ಮಾತು ಉಳಿಸಿಕೊಂಡಿದ್ಲು. ಕಟ್ಟಿ ಮ್ಯಾಲ, ಕಿಡಕ್ಯಾಗ, ಎದರಿನ ಮನಿ ಮಾಳಿಗಿ ಮ್ಯಾಲ, ಎಲ್ಲಿ ನೋಡಿದ್ರೂ ಹೆಂಗಸರು. ನಡುವ ಅತ್ತಿ ಆರತಿ ಹಿಡದು ನಿಂತಿದ್ಲು. ನಮ್ಮಿಬ್ಬರ ಶಲ್ಯಾ ಸೆರಗು ಗಂಟು ಹಾಕಿದ್ರಿಂದ ಗಂಡ ಬಾಜೂಕನ ಇದ್ದ.

"ವ್ರತಾ ಮುಗೀತು. ಹೆಸರು ಹೇಳಿ ಒಳಗ ಬಾರವಾ" ಅಂದ್ಲು ದೊಡ್ಡವ್ವ.

ಬಾಯಿ ತೆರದೆ. ಧ್ವನಿ ಇಲ್ಲ. ಯಾರೋ "ಅಂದಿರಲಿಲ್ಲೇನು, ಮೂಕಿ" ಅಂತ ಪಿಸುಗುಟ್ಟಿದ್ರು. ಅತ್ತಿ ಆರತಿ ಕೆಳಗ ಇಳಿಸಿದ್ಲು. ಆಯಿ ನನ್ನ ಹಿಂದ ಶಿವಶಿವಾ ಅನ್ನಾಕ ಹತ್ತಿದ್ಲು. ನನಗ ಅಪ್ಪನ ಮಾರಿ ಕಣ್ಣಮುಂದ ಬಂತು, ತಂಗ್ಯಾರು ಬಂದ್ರು. ಇಷ್ಟು ಹೆದರಿಕಿ ನನಗ ಹುಟ್ಟಿದಾಗಿಂದ ಆಗಿರಲಿಲ್ಲ. ಇದ್ದಬದ್ದ ಉಸರು ಎಳಕೊಂಡು ಜೋರು ಮಾಡಿ ತಳ್ಳಿದೆ. ಬೆಳ್ಳಿ ಬಟ್ಟಲಾ ಹೋತು, ಹಾಲೂ ಹೋತು, ಹೆಸರಿನ ಹಿಂದಿನ 'ಅಪ್ಪ'ನೂ ಹೋದ, 'ಅವರೂ' ಹೋದ್ರು. ಓಣಿ ಆ ತುದಿಗೆ ಕೇಳೂ ಹಂಗ ಹೊರಗ ಬಂದದ್ದು ಇಷ್ಟ:

"ಬಸ್ಯಾ!"

ಬಾಜೂಕ ನಿಂತ ಗಂಡ ಬೆಚ್ಚಿಬಿದ್ದು, ಬಾಸಿಂಗಾ ಅಲಗೂ ಹಂಗ ಜಿಗದು ಅಂದ: "ಓ! ಬಂದ್ನೆವ್ವಾ!"

ಕಟ್ಟಿಕೊಂಡ ಗಂಡನ್ನ, ಊರ ಮುಂದ, ದನಾ ಕರದಂಗ ಕರದಿದ್ದೆ. ಮುಗೀತು, ಟಾಂಗಾ ತಿರಗಸಾಕ ಹೇಳತಾರ ಅಂತ ಕಣ್ಣು ಗಟ್ಟಿ ಮುಚ್ಚಿದೆ.

ಆರತಿ ತಾಟು ಗಡಗಡ ಸಪ್ಪಳಾ ಮಾಡಾಕ ಹತ್ತಿತು. ಕಣ್ಣು ತೆರದು ನೋಡಿದ್ರ ಅತ್ತಿ ಹೊಟ್ಟಿ ಹಿಡಕೊಂಡು ನಗಾಕತ್ತಾಳ. ಕಣ್ಣೀರು ಒರಸಿಕೊಂಡು ದೊಡ್ಡವ್ವನ್ನ ಆಚೆ ಸರಿಸಿದ್ಲು.

"ಬಾಗಲಾ ಬಿಡ್ರೇ! ನಾ ಹೆತ್ತಾಕಿ, ಹತ್ತು ಸಲ ಒದರಿದ್ರ ಒಮ್ಮೆ ಓ ಅನ್ನಂವ ಇಂವ. ಈಕಿ ಒಂದ ಕೂಗಿಗೆ ಜಿಗಿಸಿದ್ಲು! ಇಂಥಾಕಿನ್ನ ಹೊರಗ ನಿಂದರಸತಾರೇನು? ಲಗೂ ಒಳಗ ಬಾ ನನ್ನವ್ವಾ, ಊಟಕ್ಕ ಇವನಪ್ಪನ್ನೂ ನೀನ ಕರೀಬೇಕಾಗೈತಿ."