ಇದ್ದಿಲು ಬಸ್ಸೂ ಇಟಲಿ ಮಾತೂ

ಎರಡು ಭಾಷೆಯವರು ಒಂದೇ ಬಾನೆಟ್ಟಿನೊಳಗೆ ತಲೆ ತೂರಿಸಿದರೆ ದಿನಕ್ಕೊಂದು ತಮಾಷೆ ಆಗಿಯೇ ಆಗುತ್ತದೆ. ಯುದ್ಧದ ಕಾಲದಲ್ಲಿ ಪೆಟ್ರೋಲು ಸಿಗದೆ ನಮ್ಮ ಬಸ್ಸುಗಳು ಇದ್ದಿಲಿನ ಗ್ಯಾಸಿನಿಂದ ಓಡುತ್ತಿದ್ದವು. ನಾನು ಮಂಡ್ಯದ ಒಂದು ಬಸ್ ಷೆಡ್ಡಿನಲ್ಲಿ ಮೆಕ್ಯಾನಿಕ್. ಬಸ್ಸಿನ ಹಿಂದೆ ಇದ್ದಿಲು ಉರಿಸಿ ಗ್ಯಾಸು ಮಾಡುವ ಒಲೆ ದಿನಾ ಕೈಕೊಡುತ್ತಿತ್ತು. ಅದರ ಕೆಲಸ ಬಲ್ಲವನೆಂದು ಬೆಂಗಳೂರಿನ ಯುದ್ಧಕೈದಿಗಳ ಶಿಬಿರದಿಂದ ಒಬ್ಬ ಇಟಲಿಯವನನ್ನು ಕಳಿಸಿದರು. ಜೊತೆಗೆ ಬಂದೂಕು ಹಿಡಿದ ಕಾವಲುಗಾರ. ಷೆಡ್ಡಿನ ಹಿರಿಯ ಮೆಕ್ಯಾನಿಕ್ ನಮ್ಮ ಉಸ್ತಾದರ ಹತ್ತಿರ ಅವನು ಹರಕು ಹಿಂದೂಸ್ತಾನಿ ಆಡುತ್ತಿದ್ದ. ನಾನು ಮಾತ್ರ ಅವನ ಊರಮಾತನ್ನೇ ಕಲಿಯಲು ಹೊರಟೆ. ಮಾತು ಬಂದರೆ ಅವನ ಕೆಲಸವೂ ಕೈಗೆ ಬಂದೀತೆಂಬ ಆಸೆ.

ಬೋ

ಮೊದಲು ಕಲಿತದ್ದು ‘ಬೋ’. ಯಾರಿಗೆ ಗೊತ್ತಪ್ಪ ಎಂದು ಅದರ ಅರ್ಥ. ನಮ್ಮ ಕಡೆ ಬೋ ಅಂದರೆ ಬಹಳ. ಒಂದು ದಿನ ಮಳವಳ್ಳಿ ಕಡೆಯ ರೈತನೊಬ್ಬ ಷೆಡ್ಡಿಗೇ ಬಂದು, “ಬಸ್ಸು ಯಾವಾಗ ಒಂಡ್ತದೆ ಸ್ವಾಮಿ?” ಎಂದು ಇಟಲಿಯವನನ್ನೇ ಕೇಳಿದ.

ಅವನು ಭುಜ ಕುಣಿಸಿ, “ಬೋ” ಎಂದ.

“ಬೋ ಬೇಗ ಒಂಡ್ತದಾ, ಬೋ ಒತ್ತಾಯ್ತದಾ?”

“ಬೋ.”

ರೈತ ನನ್ನ ಕಡೆ ತಿರುಗಿದ. “ಮಾತು ನಮ್ ಕಡೇದೇ ಕಣಣ್ಣ. ಅರ್ಧಕ್ಕೇ ನಿಲ್ಲುಸ್ತನೆ, ಅಷ್ಟೇಯ.”

ಉಸ್ತಾದರ ಗಡ್ಡ

ನಮ್ಮ ಉಸ್ತಾದರಿಗೆ ಎದೆಯುದ್ದ ಗಡ್ಡ. ಹಳೇ ಬಸ್ಸುಗಳ ಕಥೆ ಶುರುಮಾಡಿದರೆ ಅದೂ ಅಷ್ಟೇ ಉದ್ದ. ಕಥೆ ಬಂದಾಗಲೆಲ್ಲ ಇಟಲಿಯವನು ಗಲ್ಲ ಸವರಿಕೊಂಡು, “ಕೆ ಬಾರ್ಬಾ” ಎನ್ನುತ್ತಿದ್ದ. ‘ಎಂಥಾ ಗಡ್ಡ’ ಅಂತಾನೆ ಎಂದು ನಾನು ಉಸ್ತಾದರಿಗೆ ಹೇಳಿದೆ. ಅವರು ಹಿಗ್ಗಿ ಇನ್ನೂ ಉದ್ದದ ಕಥೆ ತೆಗೆದರು.

ಬೇಜಾರು ಹಿಡಿಸಿದವರಿಗೆ ಅವರ ಕಡೆ ಹಾಗೆನ್ನುತ್ತಾರೆಂದು ನನಗೆ ಬಹಳ ತಡವಾಗಿ ತಿಳಿಯಿತು. ಅಷ್ಟೊತ್ತಿಗೆ ಉಸ್ತಾದರು ಗಿರಾಕಿಗಳಿಗೆ ಕಥೆ ಹೇಳಿ ಮುಗಿಸಿ, ಗಡ್ಡ ನೀವಿಕೊಂಡು, ತಾವೇ “ಕೆ ಬಾರ್ಬಾ” ಎನ್ನುತ್ತಿದ್ದರು. ಯಾವ ಗಿರಾಕಿಯೂ ಅಲ್ಲವೆನ್ನಲಿಲ್ಲ.

ಬಾಯಲ್ಲಿ ನೀರು

ಕೈದಿಗೆ ಹೊರಗಿನ ಊಟ ಕೊಡಕೂಡದೆಂದು ಕಾವಲುಗಾರನ ಕಟ್ಟಪ್ಪಣೆ. ಒಂದು ಮಧ್ಯಾಹ್ನ ನನ್ನ ಹೆಂಡತಿ ಕಟ್ಟಿಕೊಟ್ಟ ಮುದ್ದೆ, ಉಪ್ಸಾರು ಅವನಿಗೆ ಕೊಟ್ಟೆ. ತಿಂದು ಮುಗಿಸುವಾಗ ಕಾವಲುಗಾರ ಬರುವುದು ಕಂಡಿತು. ಇಟಲಿಯವನು ತುಟಿಗೆ ಬೆರಳಿಟ್ಟು, “ಆಕ್ವಾ ಇನ್ ಬೊಕ್ಕಾ” ಎಂದು ಪಿಸುಗುಟ್ಟಿದ. ಗುಟ್ಟು ಬಿಡಬೇಡ ಎಂದು ಅದರ ಅರ್ಥವಂತೆ. ಆದರೆ ನನಗೆ ಗೊತ್ತಿದ್ದದ್ದು ಬಿಡಿ ಬಿಡಿ ಪದ: ನೀರು, ಬಾಯಲ್ಲಿ.

“ಎಲ್ರೂ ಬಾಯ್ಗೆ ನೀರು ತುಂಬ್ಕಳ್ರಲಾ” ಎಂದು ಷೆಡ್ಡಿನವರಿಗೆಲ್ಲ ಹೇಳಿದೆ.

“ಇವನಿಗೆ ಊಟ ಕೊಟ್ಟವರು ಯಾರು?” ಎಂದು ಕಾವಲುಗಾರ ಕೇಳಿದ. ಎಲ್ಲರ ಕೆನ್ನೆಯೂ ಉಬ್ಬಿತ್ತು, ಉಸ್ತಾದರದೂ. ಅವನು ಒಬ್ಬೊಬ್ಬರ ಮುಖವನ್ನೇ ನೋಡಿ ಹೊರಟುಹೋದ. ಮಾರನೇ ದಿನ ಪಾಪ, ಷೆಡ್ಡಿಗೆಲ್ಲ ಹಲ್ಲುನೋವೆಂದು ಲವಂಗ ತಂದುಕೊಟ್ಟ.

ಪೋರ್ಸಪ್ಪ

ಕೊನೆಗೆ ನಾನೊಬ್ಬನೇ ಒಂದು ಬಸ್ಸಿನ ಗ್ಯಾಸಿನ ಒಲೆ ಬಿಚ್ಚಿ ಕಟ್ಟಿದೆ. ಅದರ ಮೊದಲ ಓಟವೇ ಮದ್ದೂರಿನಿಂದ ಮಳವಳ್ಳಿಗೆ ಮದುವೆ ದಿಬ್ಬಣ. ನನ್ನ ಕೆಲಸ ನೋಡಲು ಇಟಲಿಯವನೂ ಕಾವಲುಗಾರನೂ ಬಂದರು. ಒಂದು ಏರಿನಲ್ಲಿ ಬಸ್ಸು ನಿಂತೇಬಿಟ್ಟಿತು.

“ಮೂರ್ತ ಮೀರೋಯ್ತದೆ ಕಣಪ್ಪ” ಎಂದು ಹೆಣ್ಣಿನ ಅಜ್ಜಿ ಅಳುವುದಕ್ಕೇ ಶುರುಮಾಡಿದರು.

ನಾನು ಒಲೆ ಕೆದಕಿ ಗಾಳಿ ಹಾಕಿದೆ. ದಿಬ್ಬಣದವರು ಇಳಿದು ನೂಕಿದರು, ಬಸ್ಸು ಮಿಸುಕಲಿಲ್ಲ. ಆಗ ಇಟಲಿಯವನೂ ಹೆಗಲು ಕೊಟ್ಟು, “ಫೋರ್ಸಾ, ಫೋರ್ಸಾ” ಎಂದು ಕೂಗಿದ. ಬಲ ಹಾಕಿ ಅಂತ. ನಾನೂ ಕೂಗಿದೆ. ದಿಬ್ಬಣದವರಿಗೆ ಅದು ಯಾವುದೋ ದೇವರ ಹೆಸರಾಗಿ ಕೇಳಿಸಿತು. ಒಬ್ಬ “ಪೋರ್ಸಪ್ಪಾ” ಎಂದರೆ ಉಳಿದವರು “ಗೋವಿಂದಾ” ಎಂದು ನೂಕಿದರು. ಕಾವಲುಗಾರನೂ ಬಂದೂಕು ಬೆನ್ನಿಗೆ ಹಾಕಿಕೊಂಡು ನೂಕಿದ. ಬಸ್ಸು ದಿಬ್ಬ ಹತ್ತಿತು, ಇಂಜಿನ್ನು ಹಿಡಿಯಿತು, ಆಮೇಲೆ ಮಳವಳ್ಳಿಯವರೆಗೆ ಒಂದು ಸಲ ಕೆಮ್ಮಲೂ ಇಲ್ಲ.

ಮುಹೂರ್ತಕ್ಕೆ ಇನ್ನೂ ಹೊತ್ತಿತ್ತು. ಅಜ್ಜಿ ತೆಂಗಿನಕಾಯಿ ಹಿಡಿದು ಇಳಿದರು. “ಪೋರ್ಸಪ್ಪನ್ ಗುಡಿ ಎಲ್ಲದಪ್ಪ? ಅರಕೆ ಕಟ್ಕಂಡಿವ್ನಿ.”

“ಇಟಲೀಲಿ ಕಣಜ್ಜಿ, ಸಮುದ್ರದಾಚೆ” ಎಂದೆ.

“ಪಾಪ, ಅಷ್ಟು ದೂರದಿಂದ ಬಂದು ಬಸ್ಸು ನೂಕುದ್ನಾ?” ಎಂದ ಅಜ್ಜಿ, ಬಸ್ಸಿನ ಮುಂದೆಯೇ ಕಾಯಿ ಒಡೆದರು.