ಖಣದ ಜಂಪರು ಮತ್ತು ನನ್ನ ಪತ್ರಿಕಾಗೋಷ್ಠಿ

೧೯೮೮ರಲ್ಲಿ ನಾನು ಏಳನೇ ಇಯತ್ತೆಗೆ ಶಾಲೆ ಬಿಟ್ಟೆ. ಬಿಟ್ಟೆ ಎನ್ನುವುದಕ್ಕಿಂತ, ಶಾಲೆ ಮತ್ತು ನಾನು ಪರಸ್ಪರ ಒಪ್ಪಿಗೆಯಿಂದ ಬೇರೆಯಾದೆವು. ಮರುದಿನವೇ ಗೋಕಾಕದ ಒಬ್ಬ ದರ್ಜಿಯ ಹತ್ತಿರ ಅಂಗಿಗಳ ಗುಂಡಿಗೆ ಕಾಜಾ ಮಾಡಲು ಕುಳಿತೆ. ಹತ್ತು ವರ್ಷಕ್ಕೆ ಅದೇ ಊರಿನಲ್ಲಿ ನನ್ನದೇ ಅಂಗಡಿ ಹಾಕಿದೆ. ಇವತ್ತಿಗೂ ಎಂ.ಎ. ಮಾಡಿದವರು ನನ್ನ ಮುಂದೆ ಎರಡೂ ಕೈ ಎತ್ತಿ ನಿಂತು ಅಳತೆ ಕೊಡುತ್ತಾರೆ. ಊರೆಲ್ಲ ನನ್ನನ್ನು ‘ಮಾಸ್ತರ’ ಎನ್ನುತ್ತದೆ. ಶಾಲೆ ಬಿಟ್ಟವನಿಗೆ ಇದಕ್ಕಿಂತ ದೊಡ್ಡ ಸೇಡು ಯಾವುದಿದೆ!

ನನಗೆ ಬೀಡಿ ಇಲ್ಲ, ಎಲೆ ಅಡಿಕೆ ಇಲ್ಲ. ಇರುವ ಚಟ ಒಂದೇ. ರಾಜಕೀಯ ನಾಯಕರ ಪತ್ರಿಕಾಗೋಷ್ಠಿ ನೋಡುವುದು ಮತ್ತು ಬೈಯುವುದು. ಇದಕ್ಕಾಗಿಯೇ ಅಂಗಡಿಯ ಗೋಡೆಗೆ ಒಂದು ಸಣ್ಣ ಟಿವಿ ಹಾಕಿಸಿದ್ದೇನೆ. ಬಾಜೂ ಚಹಾದಂಗಡಿಯ ಈರಪ್ಪ ಎರಡು ಕಪ್ಪು ಹಿಡಿದುಕೊಂಡು ಬಂದು ಕೂರುತ್ತಾನೆ. ನಾನು ಯಂತ್ರ ತುಳಿಯುತ್ತ ತೀರ್ಪು ಕೊಡುತ್ತೇನೆ.

ಅನುಭವದಿಂದ ಹೇಳುತ್ತೇನೆ, ಉತ್ತರ ಕೊಡದೇ ಅರ್ಧ ತಾಸು ಮಾತಾಡುವುದು ಸಣ್ಣ ವಿದ್ಯೆಯಲ್ಲ. ‘ಅದು ನನ್ನ ಗಮನಕ್ಕೆ ಬಂದಿಲ್ಲ’ ಎನ್ನುವುದು ಮೊದಲ ಪಾಠ. ಬಂದಿದ್ದರೆ, ‘ಪರಿಶೀಲಿಸುತ್ತೇವೆ.’ ಪರಿಶೀಲನೆ ಮುಗಿದಿದ್ದರೆ, ‘ವರಿಷ್ಠರು ತೀರ್ಮಾನಿಸುತ್ತಾರೆ.’ ವರಿಷ್ಠರೇ ಕುಳಿತಿದ್ದರೆ, ‘ಕಾಲವೇ ಉತ್ತರಿಸುತ್ತದೆ.’ ಕಾಲಕ್ಕೆ ಮೈಕು ಹಿಡಿಯುವವರು ಯಾರು?

“ಈರಪ್ಪಾ, ಒಂದು ಪ್ರಶ್ನೆಗೆ ಒಂದು ಉತ್ತರ ಕೊಡಾಕ ಇವರಿಗೇನ ಧಾಡಿ? ಹೌದಂದ್ರ ಹೌದು, ಇಲ್ಲಂದ್ರ ಇಲ್ಲ!”

“ನೀವ ಹೋಗಿ ಕೇಳ್ರಿ ಮಾಸ್ತರ,” ಎಂದ ಈರಪ್ಪ. ಅವನು ಚೇಷ್ಟೆಗೆ ಹೇಳಿದ. ನಾನು ಮನಸ್ಸಿಗೆ ಹಾಕಿಕೊಂಡೆ.

ಅವಕಾಶವೂ ಬಂತು. ಒಬ್ಬ ನಾಯಕರು ನಮ್ಮ ಊರ ಪ್ರವಾಸಿ ಮಂದಿರಕ್ಕೆ ಬಂದಿದ್ದರು. ಅವರ ಬಿಳಿ ಜಾಕೀಟು ಹೊಲಿಗೆ ಬಿಚ್ಚಿ ನನ್ನ ಅಂಗಡಿಗೆ ಬಂತು. ಅದನ್ನು ರಿಪೇರಿ ಮಾಡಿಕೊಂಡು ಹೋದಾಗ ಒಳಗೆ ಪತ್ರಿಕಾಗೋಷ್ಠಿ ನಡೆದಿತ್ತು. ಪತ್ರಕರ್ತನೊಬ್ಬ ಕೇಳಿದ, “ಮಳೆಗಾಲದಲ್ಲಿ ಮುಳುಗುವ ಆ ಸೇತುವೆ ಯಾವಾಗ ಎತ್ತರಿಸುತ್ತೀರಿ?”

ನಾಯಕರು ಕಣ್ಣು ಮುಚ್ಚಿ ತೆರೆದರು. “ಸೇತುವೆ ಎಂದರೆ ಏನು? ಎರಡು ದಡಗಳನ್ನು ಜೋಡಿಸುವುದು. ನಾವು ಮೊದಲಿನಿಂದಲೂ ಮನಸ್ಸುಗಳನ್ನು ಜೋಡಿಸಿಕೊಂಡು ಬಂದವರು.”

ನನಗೆ ತಡೆಯಲಾಗಲಿಲ್ಲ. ಜಾಕೀಟನ್ನು ಬಾವುಟದಂತೆ ಮೇಲೆತ್ತಿ ಕೂಗಿದೆ. “ಮನಸಿನ ಮ್ಯಾಲ ಎತ್ತಿನ ಗಾಡಿ ಹೋಗೂದಿಲ್ರೀ ಸಾಹೇಬ್ರ! ಸೇತುವಿ ಯಾವಾಗ, ಅಷ್ಟ ಹೇಳ್ರಿ!”

ಪತ್ರಕರ್ತರು ನಕ್ಕರು. ನಾಯಕರು ನಗಲಿಲ್ಲ; ನನ್ನ ಕೈಯಿಂದ ಜಾಕೀಟು ಇಸಿದುಕೊಂಡು ತೊಟ್ಟು, ಅದೇ ಉತ್ತರ ಎಂಬಂತೆ ಎದ್ದು ಹೊರಟರು. ಯಾರೋ ಇದನ್ನು ಮೊಬೈಲಿನಲ್ಲಿ ಹಿಡಿದಿದ್ದರು. ಸಂಜೆಯ ಹೊತ್ತಿಗೆ ನಾನು ಗೋಕಾಕ, ಮೂಡಲಗಿ, ಹುಕ್ಕೇರಿ ಮೂರೂ ತಾಲೂಕಿಗೆ ‘ನೇರ ಮಾತಿನ ಮಾಸ್ತರ’ ಆಗಿಬಿಟ್ಟಿದ್ದೆ. ಈರಪ್ಪ ಅಂದು ಚಹಾ ಪುಕ್ಕಟೆ ಕೊಟ್ಟ.

ಆ ವಿಡಿಯೋ ನೋಡಿಯೇ ಮೂಡಲಗಿಯಿಂದ ಸವಿತಾ ಬಂದಳು. ಇಪ್ಪತ್ತಮೂರು, ಇಪ್ಪತ್ತನಾಲ್ಕರ ಹುಡುಗಿ. ಮದುವೆ ಗೊತ್ತಾಗಿತ್ತು. ವರನ ಊರು ಹುಕ್ಕೇರಿ, ಮದುವೆಯೂ ಅಲ್ಲಿಯೇ. ಚೀಲದಿಂದ ಹಳೆಯ ಪಂಜೆಯಲ್ಲಿ ಸುತ್ತಿದ ಒಂದು ರವಿಕೆ ಖಣ ತೆಗೆದು ಮೇಜಿನ ಮೇಲೆ ಹರವಿದಳು. ದಟ್ಟ ಹಸಿರು, ಎರಡೂ ಕಡೆ ಕೆಂಪು ದಡಿ. ಈಗ ಅಂಗಡಿಯಲ್ಲಿ ಸಿಗುವ ಸರಕಲ್ಲ.

“ನಮ್ಮ ಅವ್ವಂದರಿ ಕಾಕಾ. ನನ್ನ ಮದುವಿಗಂತ ಟ್ರಂಕಿನ್ಯಾಗ ಎತ್ತಿ ಇಟ್ಟಿದ್ಲು. ಈಗ ಅಕಿ ಇಲ್ರಿ. ಅಕ್ಷತಾದ ಟೈಮಿಗೆ ಇದರ ಜಂಪರ್ ಹಾಕ್ಕೊಬೇಕಂತ ಭಾಳ ಮನಸೈತ್ರಿ. ನೀವು ಖರೆ ಮಾತಾಡೋರು, ಅದಕ್ಕ ನಿಮ್ಮ ಕಡೆ ತಂದೇನಿ.”

“ಚಿಂತಿ ಬಿಡವಾ,” ಎಂದೆ. “ನನ್ನ ಕತ್ತರಿ ಸುಳ್ಳ ಹೇಳೂದಿಲ್ಲ.”

ಕತ್ತರಿ ಹೇಳಲೂ ಇಲ್ಲ. ಹೇಳಿದವನು ನಾನು.

ಗುರುವಾರ ಮುಂಜಾನೆ ಖಣ ಕತ್ತರಿಸಲು ಕುಳಿತೆ. ಟಿವಿಯಲ್ಲಿ ಇನ್ನೊಬ್ಬ ನಾಯಕರು ಬಂದಿದ್ದರು. ತೋಳಿನ ಕೆಲಸ ಸೂಕ್ಷ್ಮ. ಬಟ್ಟೆ ಸಾಕಷ್ಟಿದ್ದರೆ ಮಡಿಸಿ ಒಂದೇ ಸಲಕ್ಕೆ ಎರಡೂ ತೋಳು ಕತ್ತರಿಸಬಹುದು. ಖಣ ಕಿರಿದು, ದಡಿ ಎರಡೂ ಅಂಚಿಗೆ. ಹಾಗಾಗಿ ಅಳತೆಯ ಕಾಗದವನ್ನು ಒಂದು ದಡಿಗೆ ಇಟ್ಟು ಎಡಗೈ ತೋಳು, ಆಮೇಲೆ ಮಗುಚಿ ಇನ್ನೊಂದು ದಡಿಗೆ ಇಟ್ಟು ಬಲಗೈ ತೋಳು ಕತ್ತರಿಸಬೇಕು. ಮೊದಲನೆಯದು ಸರಿಯಾಗಿ ಕತ್ತರಿಸಿದೆ. ಅಷ್ಟರಲ್ಲಿ ಟಿವಿಯಲ್ಲಿ, “ನೀವು ರಾಜೀನಾಮೆ ಕೊಡುತ್ತೀರಾ?” ಎಂದು ಕೇಳಿದರು. ನಾಯಕರು, “ನಾನು ರೈತನ ಮಗ,” ಎಂದರು.

“ಕೇಳಿದ್ದೇನು, ಹೇಳಾಕತ್ತಿದ್ದೇನು!” ಎಂದು ಗುಡುಗಿದೆ. ಗುಡುಗುತ್ತಲೇ ಕಾಗದವನ್ನು ಮಗುಚದೆ ಬರೀ ತಿರುಗಿಸಿ ಇಟ್ಟೆ. “ಉತ್ತರಾ ಕೊಡ್ರಿ ಮೊದಲ!” ಎನ್ನುತ್ತ ಕತ್ತರಿ ಓಡಿಸಿದೆ.

ಪತ್ರಿಕಾಗೋಷ್ಠಿ ಮುಗಿಯಿತು. ಎರಡೂ ತೋಳು ಒಂದರ ಮೇಲೊಂದು ಇಟ್ಟು ನೋಡಿದೆ. ಒಂದೇ ತಾಯಿಯ ಮಕ್ಕಳಂತೆ ಇದ್ದವು. ಎರಡೂ ಎಡಗೈ ತೋಳು!

ಉಳಿದ ಖಣದಲ್ಲಿ ಬೆನ್ನು, ಎದೆಗೆ ಮಾತ್ರ ಬಟ್ಟೆ. ಇನ್ನೊಂದು ತೋಳಿಗೆ ಅಂಗೈಯಷ್ಟೂ ಇಲ್ಲ.

ಅಂಗಡಿಯಲ್ಲಿ ಹುಕ್ಕು ಹಚ್ಚುವುದು, ಅಂಚು ಮಡಿಸುವುದು ನನ್ನ ಹೆಂಡತಿ ಕಸ್ತೂರಿಯ ಕೆಲಸ. ಅವಳು ತೋಳುಗಳನ್ನು ನೋಡಿದಳು, ನನ್ನನ್ನು ನೋಡಿದಳು, ಟಿವಿ ಬಂದ್ ಮಾಡಿದಳು.

“ಇವತ್ತ ಫೋನ್ ಮಾಡಿ ಹೇಳಿಬಿಡ್ರಿ. ಮದುವಿ ಇನ್ನೂ ಹತ್ತ ದಿನ ಐತಿ. ಅವರ ಏನರ ದಾರಿ ಹುಡಕ್ತಾರ.”

“ಹೇಳೋಣಂತ. ಅದಕ್ಕೊಂದ ಸೂಕ್ತ ಸಮಯ ಬರಬೇಕ.”

ಕಸ್ತೂರಿ ಸೂಜಿ ಕೆಳಗಿಟ್ಟಳು. “ಏನಂದ್ರಿ?”

ಏನೆಂದೆ ಎನ್ನುವುದು ನನಗೂ ಕೇಳಿಸಿತ್ತು. ಆದರೆ ಮೂವತ್ತು ವರ್ಷದ ಹೆಸರು, ಮೂರು ತಾಲೂಕಿನ ಕೀರ್ತಿ, ಒಂದು ತೋಳಿಗಾಗಿ ಬಿಟ್ಟುಕೊಡುವುದೇ? ಅದೇ ಹಸಿರು ಎಲ್ಲಿಯಾದರೂ ಸಿಕ್ಕೀತು ಎಂದು ಗೋಕಾಕದ ಪೇಟೆಯೆಲ್ಲ ತಿರುಗಿದೆ. ಸಿಗಲಿಲ್ಲ.

ಶನಿವಾರ ಸವಿತಾ ಬಸ್ಸು ಹಿಡಿದು ಬಂದಳು.

“ಕಾಕಾ, ಜಂಪರ್ ಆತೇನ್ರಿ?”

“ಕೆಲಸ ಪ್ರಗತಿಯಲ್ಲೈತವಾ.”

“ಒಂದ ಸ್ವಲ್ಪ ತೋರಸ್ರೆಲಾ.”

“ಈ ಹಂತದಾಗ ತೋರಸೂದು ಸರಿ ಆಗೂದಿಲ್ಲ.”

“ತೋಳಿಗೆ ಕೆಂಪ ದಡಿ ಬಂದೈತಲ್ರಿ?”

“ದಡಿ ಅಂದ್ರ ಏನವಾ? ಬಟ್ಟಿಗೆ ದಡಿನ ಮರ್ಯಾದಿ. ಹಿಂದಿನ ಕಾಲದಾಗ...” ಎಂದು ನೇಯ್ಗೆಯ ಚರಿತ್ರೆ ಶುರು ಮಾಡಿದೆ. ಆ ಹುಡುಗಿ ತಲೆಯಾಡಿಸುತ್ತ ಕೇಳಿ, ಕಾಕಾ ಎಷ್ಟು ತಿಳಿದವರು ಎಂದುಕೊಂಡು ಬಸ್ಸಿಗೆ ಹೋದಳು. ಕಸ್ತೂರಿ ಮೂಲೆಯಿಂದ, “ಸಾಹೇಬ್ರ, ನಂದೂ ಒಂದ ಪ್ರಶ್ನಿ ಐತ್ರಿ,” ಎಂದಳು. ನಾನು ಸಮಯದ ಅಭಾವದಿಂದ ಗೋಷ್ಠಿ ಮುಗಿಸಿದೆ.

ಮಂಗಳವಾರ ಫೋನು ಬಂತು. ಕರೆಂಟ್ ಇಲ್ಲ ಎಂದೆ. ಕೈಯಲ್ಲಿ ಹೊಲಿಯಬಹುದಲ್ಲ ಎಂದಳು. ಹೊಲಿಗೆ ಯಾವತ್ತೋ ಮುಗಿದಿದೆ, ಹುಕ್ಕು ಹಚ್ಚುವವರ ಕಡೆಯಿಂದ ವಿಳಂಬ ಎಂದೆ. ಹುಕ್ಕು ಹಚ್ಚುವವರು ನನ್ನ ಎದುರಿಗೇ ಕೂತಿದ್ದರು. ಆ ದಿನ ನನ್ನನ್ನು ಊಟಕ್ಕೆ ಯಾರೂ ಕರೆಯಲಿಲ್ಲ.

ಶುಕ್ರವಾರ ಅವಳು ಹೇಳದೇ ಕೇಳದೇ ಬಂದಳು. ದೂರದಿಂದ ನೋಡಿದ್ದೇ, ಬಟ್ಟೆ ತೊಟ್ಟು ನೋಡುವ ಮೂಲೆಯ ಪರದೆಯ ಹಿಂದೆ ಹೊಕ್ಕೆ. “ಊರಾಗಿಲ್ಲ ಅಂತ ಹೇಳ,” ಎಂದು ಕಸ್ತೂರಿಗೆ ಕೈಮುಗಿದೆ. ಅವಳು ಹೇಳಲಿಲ್ಲ. “ನೀನ ನೋಡವಾ, ಎಲ್ಲಿ ಅದಾರೋ,” ಎಂದಳು.

ಪರದೆಯ ಹಿಂದೆ ನಿಂತು ನೂರರವರೆಗೆ ಎಣಿಸಿದೆ. ನಾನು ಮೆಲ್ಲಗೆ ಕೇಳಿದೆ, “ಹೋದ್ಲೇನ?”

“ಇಲ್ರಿ ಕಾಕಾ,” ಎಂದಳು ಸವಿತಾ. “ಇಲ್ಲೇ ಅದೇನಿ. ನಿಮ್ಮ ಕಾಲ ಕಾಣಾಕತ್ತಾವ್ರಿ.”

ಆ ಪರದೆಯನ್ನು ಗೇಣುದ್ದ ಗಿಡ್ಡ ಹೊಲಿದವನೂ ನಾನೇ.

ಪರದೆ ಸರಿಸಿ ಹೊರಬಂದೆ. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ, ಗಾಬರಿ ಇತ್ತು. “ಕಾಕಾ, ನಮ್ಮ ಅವ್ವನ ಖಣ ಸುರಕ್ಷಿತ ಐತಿಲ್ರಿ?” ಎಂದಳು. ಆಗಲಾದರೂ ಹೇಳಬಹುದಿತ್ತು. ಬಾಯಿ ತೆರೆದೆ. ಹೊರಗೆ ಬಂದದ್ದು ಬೇರೆ! “ರವಿವಾರ ಮದುವಿ ಅಲ್ಲವಾ? ಮುಂಜಾನಿ ಒಂಬತ್ತಕ್ಕ ಹುಕ್ಕೇರಿಗೆ ಖುದ್ದ ನಾನ ತರ್ತೇನಿ!”

ಭರವಸೆ ಕೊಟ್ಟೊಡನೆ ಎಷ್ಟು ಹಗುರಾಗುತ್ತದೆ ನೋಡಿ! ನಾಯಕರು ಏಕೆ ದಿನಕ್ಕೊಂದು ಕೊಡುತ್ತಾರೆ ಎನ್ನುವುದು ಅಂದು ತಿಳಿಯಿತು.

ಶನಿವಾರವೆಲ್ಲ ಕುಳಿತು ಒಂದು ತೋಳನ್ನು ಒಳಮೈ ಹೊರಗೆ ಮಾಡಿ ಬಲಗೈಗೆ ಹಚ್ಚಿದೆ. ಆಕಾರ ಸರಿಯಾಯಿತು. ಬಣ್ಣ? ಖಣದ ಒಳಮೈ ಮಬ್ಬು; ಎಡಗೈಗೆ ಹಗಲು, ಬಲಗೈಗೆ ಮುಚ್ಚಂಜೆ. ಸೆರಗಿನಲ್ಲಿ ಮುಚ್ಚಿಕೊಂಡೀತು ಎಂದುಕೊಂಡೆ. ಸೆರಗು ಬೀಳುವುದು ಎಡಗೈ ಮೇಲೆ!

ರವಿವಾರ ಕಸ್ತೂರಿ ಮತ್ತು ನಾನು ಹುಕ್ಕೇರಿಯ ಮದುವೆ ಮಂಟಪ ಮುಟ್ಟಿದೆವು. ವಧುವಿನ ಕೋಣೆಯಲ್ಲಿ ಏಳೆಂಟು ಹೆಣ್ಣುಮಕ್ಕಳು. ಸವಿತಾ ಅರಿಶಿಣದ ಕೈ ಒರೆಸಿಕೊಂಡು ಜಂಪರು ತೆಗೆದುಕೊಂಡಳು. ಹುಕ್ಕೇರಿಯಲ್ಲೇ ಇರುವ ಅವಳ ಚಿಗವ್ವ, ಅಂದರೆ ತಾಯಿಯ ತಂಗಿ, ಅದನ್ನು ಇಸಿದುಕೊಂಡು ಕಿಟಕಿಯ ಬೆಳಕಿಗೆ ಹಿಡಿದರು.

“ಮಾಸ್ತರ, ಇದೇನ್ರಿ ಇದು?”

“ಈಗ ಇದ ಫ್ಯಾಷನ್ ನಡದೈತ್ರಿ ಯಕ್ಕಾ.”

“ಎಲ್ಲಿ ನಡದೈತಿ?”

“ಪುಣೆ ಕಡೆ...”

“ಪುಣೆದಾಗ ಒಂದ ಕೈ ಬಿಸಲಾಗ ಒಣಗಸ್ತಾರೇನ್ರಿ?” ಎಂದರು ಒಬ್ಬ ಅಜ್ಜಿ. ಕೋಣೆಯೆಲ್ಲ ನಕ್ಕಿತು. ಸವಿತಾ ನಗಲಿಲ್ಲ. ಆ ಮಬ್ಬು ತೋಳಿನ ಮೇಲೆ ಬೆರಳಾಡಿಸುತ್ತ ಕೇಳಿದಳು, “ಕಾಕಾ, ಯಾವತ್ತ ಕೆಟ್ಟತ್ರಿ ಇದು?”

“ಕತ್ತರಿಸಿದ ದಿನಾ ಕೆಟ್ಟತವಾ. ಹತ್ತ ದಿನದ ಹಿಂದ, ಗುರುವಾರ. ನನ್ನ ತಪ್ಪ. ಎರಡೂ ಎಡಗೈ ತೋಳ ಕತ್ತರಿಸಿದೆ.”

“ನಾ ಶನಿವಾರ ಬಂದಾಗ ನಿಮಗ ಗೊತ್ತಿತ್ರೀ?”

“ಗೊತ್ತಿತ್ತವಾ.”

ಚಿಗವ್ವ ಮಂಚದ ಮೇಲೆ ಕುಳಿತುಬಿಟ್ಟರು. “ಅಯ್ಯ ಶಿವನ! ಶನಿವಾರ ಒಂದ ಮಾತ ಹೇಳಿದ್ರ ಏನ ಆಗತಿತ್ರಿ? ಇದರ ಜೋಡಿ ಖಣ ನನ್ನ ಕಡೆ ಇತ್ತಲ್ರೀ! ನಮ್ಮ ಅವ್ವ ಅಕ್ಕಗೊಂದು, ನನಗೊಂದು ತಂದಿದ್ಲು. ಸೋಮವಾರ ಬೀಗರ ಮಗಳ ಬಂದಿದ್ಲು. ಬರೇ ಕೈಲೆ ಹೆಂಗ ಕಳಸೂದಂತ ಅದನ್ನ ಇಟ್ಟ ಉಡಿ ತುಂಬಿ ಕಳಿಸಿದೆ. ಉಡಿಗೆ ಹಾಕಿದ್ದ ತಿರುಗಿ ಕೇಳಾಕ ಬರತೈತೇನ್ರಿ?”

ಬರುವುದಿಲ್ಲ. ಮುತ್ತೈದೆಯ ಉಡಿಗೆ ಹೋದ ಖಣವನ್ನು ನಮ್ಮ ಕಡೆ ಯಾರೂ ತಿರುಗಿ ಕೇಳುವುದಿಲ್ಲ. ಶನಿವಾರಕ್ಕೂ ಸೋಮವಾರಕ್ಕೂ ನಡುವೆ ಒಂದು ಪೂರ್ತಿ ರವಿವಾರ ಇತ್ತು. ಆ ರವಿವಾರ ನಾನು ಟಿವಿ ನೋಡಿದ್ದೆ.

ಸವಿತಾ ಪೇಟೆಯಿಂದ ತರಿಸಿದ ರೆಡಿಮೇಡ್ ಜಂಪರು ತೊಟ್ಟಳು. ನಾನು ಹೊಲಿದದ್ದನ್ನು ಅವರವ್ವ ಇಟ್ಟಿದ್ದ ಹಳೆ ಪಂಜೆಯಲ್ಲೇ ಸುತ್ತಿ ಪೆಟ್ಟಿಗೆಯ ತಳಕ್ಕೆ ಇಟ್ಟಳು. ಬೈಯಲಿಲ್ಲ. “ಊಟಾ ಮಾಡ್ಕೊಂಡ ಹೋಗ್ರಿ ಕಾಕಾ,” ಎಂದಳಷ್ಟೇ. ಅಕ್ಷತೆ ಹಾಕಿದೆವು. ಪಂಕ್ತಿಯಲ್ಲಿ ಹುಗ್ಗಿ ಎರಡು ಸಲ ಬಂತು, ಎರಡು ಸಲವೂ ಹಾಕಿಸಿಕೊಂಡೆ. ಬೇಡ ಎಂದು ಹೇಳುವ ಬಾಯಿಯೂ ಇರಲಿಲ್ಲ.

ಬಸ್ಸಿನಲ್ಲಿ ಕಸ್ತೂರಿ ಒಂದೇ ಮಾತು ಹೇಳಿದಳು. “ತೋಳ ಕೆಟ್ಟಿದ್ದಕ್ಕ ನಾ ಏನೂ ಅನ್ನೂದಿಲ್ರಿ. ಕೈ ತಪ್ಪತಾವ.”

ಮರುದಿನ ಟಿವಿಯಲ್ಲಿ ಯಾರೋ, “ಸೂಕ್ತ ಸಮಯದಲ್ಲಿ ಹೇಳುತ್ತೇನೆ,” ಎಂದರು. ಈರಪ್ಪ ಕಪ್ಪು ಕೆಳಗಿಟ್ಟು ಹುರುಪಿನಿಂದ ನನ್ನತ್ತ ತಿರುಗಿದ. “ಬೈರಿ ಮಾಸ್ತರ!”

ಬೈಯಬೇಕಿತ್ತು. ಅವರು ಉತ್ತರ ತಪ್ಪಿಸುವುದು ಇವತ್ತಿಗೂ ತಪ್ಪೇ. ಮೊದಲಿಗಿಂತ ಹೆಚ್ಚು ತಪ್ಪು ಎಂದು ಈಗ ನನಗೆ ಗೊತ್ತು. ಅವರು ಮಾತು ತಿರುಗಿಸುವ ಹೊತ್ತಿಗೆ ಎಲ್ಲೋ ಯಾರದೋ ಕೈಯಿಂದ ಇನ್ನೊಂದು ಖಣ ಹೋಗಿರುತ್ತದೆ. ಆದರೆ ನಾನು ತಲೆ ಬಗ್ಗಿಸಿ ಸೂಜಿಗೆ ದಾರ ಪೋಣಿಸತೊಡಗಿದೆ.

“ಗಂಟಲ ಸರಿ ಇಲ್ಲೋ ಈರಪ್ಪ,” ಎಂದೆ. ಅದೂ ಸುಳ್ಳು.

ಈಗ ನನ್ನ ಹತ್ತಿರ ಎರಡು ಹೊಲಿಗೆ ಯಂತ್ರ, ಮೂರು ಕತ್ತರಿ, ಒಂದು ಟಿವಿ, ಒಬ್ಬ ಹೆಂಡತಿ ಇದ್ದಾರೆ. ಗಿರಾಕಿಗಳು ಗೋಕಾಕದಿಂದ ನಲವತ್ತು ಜನ, ಹುಕ್ಕೇರಿಯಿಂದ ಇಬ್ಬರು. ಸವಿತಾಳ ತವರು ಮೂಡಲಗಿಯಿಂದ ಯಾರೂ ಇಲ್ಲ.