ಕಲ್ಯಾಣದ ಗ್ವಾಡಿ ಹುಮನಾಬಾದಿನಲ್ಲಿ ಬಿದ್ದದ್ದು

ಬೇರೆಯವರು ಆಟದಲ್ಲಿ ಸೋತರೆ ಮನೆಗೆ ಹೋಗಿ ಊಟ ಮಾಡಿ ಮಲಗುತ್ತಾರೆ. ನಾನು ಸೋತರೆ ಮಾತ್ರ ಅದರ ಬೆನ್ನಿಗೆ ಏನಾದರೊಂದು ನಡೆಯುತ್ತಲೇ ಇರುತ್ತದೆ, ಅದನ್ನು ನೋಡುವುದಕ್ಕೆ ಜನರೂ ಸೇರಿರುತ್ತಾರೆ. ಬಸವಕಲ್ಯಾಣದಲ್ಲಿ ನನ್ನದು ಬಳೆ ಅಂಗಡಿ. ಹಗಲೆಲ್ಲ ಹೆಣ್ಣುಮಕ್ಕಳಿಗೆ ಬಳೆ ತೊಡಿಸುತ್ತೇನೆ. ಸಂಜೆ ಎದುರಿನ ಗೇಮ್ ಅಂಗಡಿಯಲ್ಲಿ ಕೂತು ಟಿವಿ ಪರದೆಯ ಮೇಲೆ ಜಟ್ಟಿಗಳನ್ನು ಹೊಡೆಯುತ್ತೇನೆ. ಎರಡೂ ಕೈಕೆಲಸವೇ.

1. ರಟ್ಟಿನ ಮೇಲಿನ ಕಾನೂನು

ಆಟ ಸರಳ. ಪರದೆಯ ಮೇಲೆ ಇಬ್ಬರು ಜಟ್ಟಿಗಳು. ಗುದ್ದಬಹುದು, ಒದೆಯಬಹುದು, ಕೈ ಅಡ್ಡ ಹಿಡಿದು ಏಟು ತಡೆಯಬಹುದು. ಇನ್ನೊಂದು ಉಪಾಯವೂ ಇದೆ. ಸುಮ್ಮನೆ ತಡೆಯುತ್ತ ಕೂತವನ ಹತ್ತಿರ ಹೋಗಿ, ಅವನನ್ನು ಹಿಡಿದೆತ್ತಿ ನೆಲಕ್ಕೆ ಬಡಿಯಬಹುದು. ಕೈ ಅಡ್ಡ ಇಟ್ಟರೆ ಇದು ನಿಲ್ಲುವುದಿಲ್ಲ. ಅದೇ ಗಳಿಗೆಗೆ ನಾವೂ ಹಿಡಿಯುವ ಬಟನ್ ಒತ್ತಿದರೆ ಮಾತ್ರ ಬಿಡಿಸಿಕೊಳ್ಳಬಹುದು.

ನಮ್ಮಲ್ಲಿ ಒಮ್ಮೆ ಹೀಗೆ ಹಿಡಿದದ್ದಕ್ಕೆ ಅಣ್ಣತಮ್ಮಂದಿರಿಬ್ಬರು ರಿಮೋಟ್ ಬಿಸಾಡಿ ಕುರ್ಚಿ ಎತ್ತಿಕೊಂಡರು. ಗೇಮ್ ಅಂಗಡಿಯ ಮಾಲೀಕರನ್ನು ನಾವೆಲ್ಲ ಭಾಯಿ ಎನ್ನುತ್ತೇವೆ. ಅವರು ಮರುದಿನವೇ ಒಂದು ರಟ್ಟಿನ ಮೇಲೆ ‘ಹಿಡಿಯಂಗಿಲ್ಲ’ ಎಂದು ಬರೆದು, ‘ಗುಟ್ಕಾ ಉಗುಳಂಗಿಲ್ಲ’ ಎಂಬ ರಟ್ಟಿನ ಪಕ್ಕ ತೂಗುಹಾಕಿದರು. ಗುಟ್ಕಾ ಉಗುಳುವುದು ನಿಲ್ಲಲಿಲ್ಲ. ಹಿಡಿಯುವುದು ನಿಂತೇಹೋಯಿತು. ಬರಬರುತ್ತ ಅಂಥದೊಂದು ಬಟನ್ ಇದೆ ಎಂಬುದನ್ನೇ ಎಲ್ಲರೂ ಮರೆತೆವು.

ಇದರಿಂದ ಉದ್ಧಾರವಾದವನು ನಾನು. ಕೂತು ತಡೆಯುವುದು, ಎದುರಿನವನು ದಣಿದು ತಪ್ಪು ಮಾಡಿದ ಕೂಡಲೇ ಒಂದು ಗುದ್ದು, ಇಷ್ಟೇ ನನ್ನ ವಿದ್ಯೆ. ಇಡೀ ಕಲ್ಯಾಣದಲ್ಲಿ ನನ್ನನ್ನು ಸೋಲಿಸುವವರಿರಲಿಲ್ಲ. ನನಗೆ ‘ಗ್ವಾಡಿ’ ಎಂದು ಹೆಸರಿಟ್ಟರು, ಗ್ವಾಡಿ ಎಂದರೆ ನಮ್ಮ ಕಡೆ ಗೋಡೆ. ಹೆಮ್ಮೆಯಿಂದ ಮನೆಯಲ್ಲಿ ಹೇಳಿದೆ.

ಹೆಂಡತಿ, “ಬರೋಬ್ಬರಿ ಇಟ್ಟಾರ. ನಾ ಎಷ್ಟ್ ಮಾತಾಡಿದ್ರೂ ಹಂಗೇ ಕುಂತಿರ್ತೀರಿ” ಎಂದಳು.

2. ತಕರಾರು

ಹುಮನಾಬಾದಿನ ಮದುವೆ ಹಾಲ್ ಒಂದರಲ್ಲಿ ಟೂರ್ನಮೆಂಟ್ ಇಟ್ಟರು. ಗೇಮ್ ಅಂಗಡಿಗೆ ಅಂಗಡಿಯೇ ಟೆಂಪೊ ಮಾಡಿಕೊಂಡು ನನ್ನ ಹಿಂದೆ ಬಂತು. ವೇದಿಕೆಯ ಮೇಲೆ ಹಿಂದಿನ ದಿನದ ಮದುವೆಯ ಹೂವಿನ ಕಮಾನು ಹಾಗೇ ಇತ್ತು. ಅದರ ಕೆಳಗೆ ಎರಡು ಕುರ್ಚಿ, ಮುಂದೆ ಟಿವಿ. ನನ್ನ ಎದುರಾಳಿಯಾಗಿ ಬಂದು ಕೂತದ್ದು ಅಲ್ಲಿಯ ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುವ ಹುಡುಗಿ. ‘ಪಾಪ’ ಅಂದುಕೊಂಡೆ. ಮೆಲ್ಲಗೆ ಹೊಡೆಯೋಣ ಎಂದು ನಿರ್ಧಾರವನ್ನೂ ಮಾಡಿಬಿಟ್ಟಿದ್ದೆ.

ಆಟ ಶುರುವಾಯಿತು. ರೂಢಿಯಂತೆ ಕೂತು ತಡೆದೆ. ಅವಳು ಹತ್ತಿರ ಬಂದಳು, ಹಿಡಿದಳು, ಎತ್ತಿ ಬಡಿದಳು. ಎದ್ದು ತಡೆದೆ. ಮತ್ತೆ ಎತ್ತಿ ಬಡಿದಳು. ಮೊದಲ ಸುತ್ತು ಮುಗಿಯಿತು. ನಾನು ಕೈ ಎತ್ತಿ ಆಯೋಜಕರನ್ನು ಕರೆದೆ.

“ಸರ್, ಇವರು ಹಿಡ್ಯಾಕತ್ತಾರ.”

“ಹೌದ್ರಿ. ನೀವೂ ಹಿಡೀರಿ.”

“ನಮ್ಮ ಕಡಿ ಹಿಡಿಯಂಗಿಲ್ರಿ.”

“ಯಾರ್ ಹೇಳ್ಯಾರ?”

“ಬೋರ್ಡ್ ಅದ್ರಿ.”

ಕೆಳಗೆ ಕೂತಿದ್ದ ನಮ್ಮ ಟೆಂಪೊದವರೆಲ್ಲ ಎದ್ದು ನಿಂತು, “ಹೌದ್ರಿ, ಬೋರ್ಡ್ ಅದ” ಎಂದು ಸಾಕ್ಷಿ ಹೇಳಿದರು.

ಎರಡನೆಯ ಸುತ್ತೂ ಹೋಯಿತು. ಮೂರಲ್ಲಿ ಎರಡು ಗೆದ್ದರೆ ಗೆಲುವು. ನಾನು ಅವಳ ಜಟ್ಟಿಯನ್ನು ಒಮ್ಮೆಯೂ ಮುಟ್ಟಿರಲಿಲ್ಲ. ನನಗೆ ಹೊಟ್ಟೆ ಉರಿಯಬೇಕಿತ್ತು, ಉರಿಯಲಿಲ್ಲ. ನಾನು ಬಾಯಿ ಬಿಟ್ಟುಕೊಂಡು ಅವಳ ಬೆರಳುಗಳನ್ನೇ ನೋಡುತ್ತಿದ್ದೆ. ಅಷ್ಟು ಅವಸರದ ಆಟದಲ್ಲಿ ಅವಳ ಕೈಗೆ ಅವಸರವೇ ಇರಲಿಲ್ಲ. ಇಂಥದನ್ನು ನಾನು ಜನ್ಮದಲ್ಲಿ ನೋಡಿರಲಿಲ್ಲ. ಟೆಂಪೊದಲ್ಲಿ ವಾಪಸು ಬರುವಾಗ ಭಾಯಿ ಅಂದರು, “ಆ ಬೋರ್ಡ್ ಜೋಡಿ ತಗೊಂಡು ಬರ್ಬೇಕಿತ್ತು ನೋಡ್ರಿ.”

3. ಬೋರ್ಡ್ ಇಳಿದದ್ದು

ಆ ಪಂದ್ಯವನ್ನು ಯಾರೋ ಮೊಬೈಲಿನಲ್ಲಿ ಹಿಡಿದಿದ್ದರು. ನಾನು ಅದನ್ನು ಮತ್ತೆ ಮತ್ತೆ ನೋಡಿದೆ. ಪಕ್ಕದಲ್ಲಿ ಸೊಪ್ಪು ಸೋಸುತ್ತಿದ್ದ ಅವ್ವ ಬಗ್ಗಿ ನೋಡಿದಳು.

“ಯಾರಪಾ ಅಂವ? ಎದ್ದ ಕೂಡ್ಲೆ ಮತ್ತ ಬೀಳಾಕತ್ತಾನಲ್ಲ ಪಾಪ.”

“ನಾನೇ ಅವ್ವ.”

ಅವ್ವ ಇನ್ನೊಂದು ಸಲ ನೋಡಿದಳು. “ಅಕಿ ಬರೋದು ನನಗ ಕಾಣಾಕತ್ತದ. ನಿನಗ ಕಾಣಂಗಿಲ್ಲೇನು?”

ಈ ಮಾತು ನಾಟಿತು. ಪಂದ್ಯ ಗೆಲ್ಲುವ ಆಸೆಯನ್ನು ಬಿಟ್ಟೆ. ಆದರೆ ಆ ಹುಡುಗಿಯ ಮೇಲೆ ಒಂದು ಸುತ್ತು, ಒಂದೇ ಒಂದು ಸುತ್ತು ಗೆಲ್ಲದೆ ನನಗೆ ಸಮಾಧಾನವಿಲ್ಲ ಎಂದು ಭಾಯಿಗೆ ಹೇಳಿದೆ. ಭಾಯಿ ಸ್ಟೂಲ್ ಹತ್ತಿ ರಟ್ಟು ಇಳಿಸಿದರು. ಹಿಡಿಯುವುದಕ್ಕೆ ಪರವಾನಗಿ ಸಿಕ್ಕಿತು.

ಆಮೇಲೆ ಆದದ್ದನ್ನು ಏನು ಹೇಳಲಿ. ಇಷ್ಟು ವರ್ಷ ನನ್ನ ಕೈಲಿ ಸೋತವರೆಲ್ಲ ಸಾಲಾಗಿ ನಿಂತು ನನ್ನನ್ನು ಎತ್ತಿ ಎತ್ತಿ ಬಡಿದರು. ಎಲ್ಲರ ಸರದಿ ಮುಗಿದ ಮೇಲೆ ಚಹಾ ತಂದವನು ಕೆಟಲ್ ಕೆಳಗಿಟ್ಟು, “ನಾನೂ ಒಂದ್ ಸಲ ಹಿಡೀಲೇನ್ರಿ?” ಎಂದು ಕೇಳಿದ.

4. ಕೈ ಸಡಿಲ ಬಿಡ್ರಿ

ಒಂದು ಮಧ್ಯಾಹ್ನ ತಲೆ ಎತ್ತಿ ನೋಡಿದರೆ ಅದೇ ಹುಡುಗಿ ತಾಯಿಯ ಜೊತೆ ನನ್ನ ಅಂಗಡಿಯ ಮುಂದೆ ಕೂತಿದ್ದಾಳೆ. ಮನೆಯಲ್ಲಿ ಯಾರದೋ ಮದುವೆಯಂತೆ, ಹಸಿರು ಬಳೆ ಬೇಕಂತೆ. ನನ್ನನ್ನು ನೋಡಿ ನಕ್ಕಳು. ನಾನು ಬಳೆ ಹಿಡಿದು ಅವಳ ಕೈ ತೆಗೆದುಕೊಂಡವನು ಥಟ್ಟನೆ ನಿಲ್ಲಿಸಿದೆ.

“ಕೈ ಸಡಿಲ ಬಿಡ್ರಿ.”

“ಬಳಿ ಇನ್ನಾ ಮುಟ್ಟೇ ಇಲ್ಲ. ನಾ ಬಿಗಿ ಹಿಡೀತೀನಂತ ಹ್ಯಾಂಗ ಗೊತ್ತಾತ್ರಿ?”

“ಭುಜ ಮೊದಲೇ ಹೇಳ್ತದ್ರಿ.”

ಅವಳು ಜೋರಾಗಿ ನಕ್ಕಳು. “ಮತ್ತ ಆಟದಾಗ ಯಾಕ ನೋಡಂಗಿಲ್ಲ ಅಣ್ಣಾರ? ಹಿಡಿಯೋಕಿಂತ ಮೊದಲು ನಾ ಅರ್ಧ ಹೆಜ್ಜಿ ಮುಂದ ಬಂದು ನಿಲ್ತೀನಿ. ಆವಾಗ ನೀವೂ ಬಟನ್ ಒತ್ರಿ, ಬಿಡ್ತದ.”

ನನ್ನ ಕೈಯಲ್ಲಿದ್ದ ಬಳೆ ಪಟ್ಟೆಂದು ಒಡೆಯಿತು. ತನ್ನ ಗುಟ್ಟನ್ನು ಎದುರಾಳಿಗೆ ಹೀಗೆ ಕೂತಲ್ಲೇ ಕೊಟ್ಟುಬಿಡುವವರನ್ನು ನಾನು ಕಂಡಿರಲಿಲ್ಲ. “ನನಗ್ಯಾಕ ಹೇಳಿದ್ರಿ?” ಎಂದು ಕೇಳಿದೆ.

“ಗ್ವಾಡಿ ಜೋಡಿ ಆಡಿದ್ರ ಬ್ಯಾಸರ ಬರ್ತದ್ರಿ” ಎಂದಳು.

5. ಹಾರ

ಮರು ವರ್ಷ ಅದೇ ಹಾಲ್, ಅದೇ ಕಮಾನು, ಅವಳೇ ಎದುರಿಗೆ. ಈ ಸಲ ಮುಂದಿನ ಸಾಲಿನಲ್ಲಿ ನನ್ನ ಹೆಂಡತಿಯೂ ಇದ್ದಳು. ಅವಳ ಪಕ್ಕ ಆ ಹುಡುಗಿಯ ತಾಯಿ.

ಮೊದಲ ಸುತ್ತಿನಲ್ಲಿ ಅವಳು ಅರ್ಧ ಹೆಜ್ಜೆ ಬಂದು ನಿಂತಳು. ನಾನು ಬಟನ್ ಒತ್ತಿದೆ. ಅವಳು ಹಿಡಿಯಲೇ ಇಲ್ಲ. ಹಿಂದೆ ಸರಿದು, ಗಾಳಿಯನ್ನು ತಬ್ಬಿಕೊಂಡು ನಿಂತ ನನ್ನ ಜಟ್ಟಿಗೆ ಝಾಡಿಸಿ ಒದ್ದಳು. ಪಾಠ ಹೇಳಿಕೊಟ್ಟವಳು ಪಾಠದಾಚೆಯದನ್ನು ತನ್ನಲ್ಲೇ ಇಟ್ಟುಕೊಂಡಿದ್ದಳು. ನನಗೆ ಎದ್ದು ಕೈ ಮುಗಿಯಬೇಕು ಅನ್ನಿಸಿತು.

ಎರಡನೆಯ ಸುತ್ತಿನಲ್ಲಿ ಹೆಜ್ಜೆ ನೋಡುವುದನ್ನು ಬಿಟ್ಟು ಅವಳ ಜಟ್ಟಿಯ ಭುಜವನ್ನು ನೋಡಿದೆ. ಹಿಡಿಯಲು ಬಂದಾಗ ಬಿಡಿಸಿಕೊಂಡೆ, ಬರಿದೇ ಹೆದರಿಸಿದಾಗ ಸುಮ್ಮನಿದ್ದೆ. ಕೊನೆಗೆ ಒಂದು ಗುದ್ದು ಬಿತ್ತು. ಸುತ್ತು ಗೆದ್ದೆ.

ನಮ್ಮ ಟೆಂಪೊದವರಿಗೆ ಅಷ್ಟೇ ಸಾಕಾಗಿತ್ತು. ಎಲ್ಲರೂ ವೇದಿಕೆ ಹತ್ತಿದರು. ಭಾಯಿ ಚೀಲದಿಂದ ಮೊಣಕಾಲವರೆಗಿನ ಗುಲಾಬಿ ಹಾರ ತೆಗೆದು ನನ್ನ ಕೊರಳಿಗೆ ಹಾಕಿ ಕಣ್ಣೊರೆಸಿಕೊಂಡರು. ಆಯೋಜಕರು, “ಇನ್ನಾ ಒಂದ್ ಸುತ್ತ ಅದ್ರಿ, ಇಳೀರಿ” ಎಂದು ಬೇಡಿಕೊಳ್ಳುತ್ತಿದ್ದರು.

ಹುಡುಗಿ ರಿಮೋಟನ್ನು ತೊಡೆಯ ಮೇಲಿಟ್ಟುಕೊಂಡು, “ಹಾರ ತಗೀರಿ ಅಣ್ಣಾರ, ನಾ ಕಾಯ್ತೀನಿ” ಎಂದಳು.

ಭಾಯಿಯ ಮುಖ ನೋಡಿದೆ. ತೆಗೆಯಲು ಮನಸ್ಸಾಗಲಿಲ್ಲ. ಮೂರನೆಯ ಸುತ್ತನ್ನು ಹಾರದೊಳಗೆ ಕೈ ತೂರಿಸಿ ಆಡಿದೆ. ಬಟನ್ ಎಂದು ಒತ್ತಿದ್ದೆಲ್ಲ ಗುಲಾಬಿ. ಸೋತೆ.

ಸೋತರೂ ನನ್ನಷ್ಟು ಖುಷಿ ಆ ಹಾಲಿನಲ್ಲಿ ಯಾರಿಗೂ ಇರಲಿಲ್ಲ. ಈ ಹಾರ ನನ್ನ ಕೊರಳಿನದಲ್ಲ, ನನ್ನನ್ನು ಕೆಡವಿ ಎಬ್ಬಿಸಿದ ಇವಳದು ಎಂದು ಎದೆ ತುಂಬಿ ಬಂತು. ಎದ್ದು ನಿಂತೆ. ಹಾರ ತೆಗೆದು ಎರಡೂ ಕೈಯಲ್ಲಿ ಹಿಡಿದು ಅವಳ ಕಡೆ ತಿರುಗಿ ಮೇಲೆತ್ತಿದೆ. ಅವಳ ತಾಯಿ ಎದ್ದು ನಿಂತರು. ನಾನು ಮಾತ್ರ ಹೂವಿನ ಕಮಾನಿನ ಕೆಳಗೆ ಹಾರ ಎತ್ತಿಕೊಂಡು ಹಾಗೇ ನಗುತ್ತಿದ್ದೆ.

ಮುಂದಿನ ಸಾಲಿನಿಂದ ನನ್ನ ಹೆಂಡತಿ ಕೂತಲ್ಲಿಂದಲೇ ಹೇಳಿದಳು, “ರೀ, ಕೊರಳಿಗ್ ಬ್ಯಾಡ. ಕೈಯಾಗ ಕೊಡ್ರಿ.”